ಹನ್ನೆರಡನೆಯ ಅಪಹರಣ

ಅವನು ಅಲ್ಲಿಯವರೆಗೆ ಹನ್ನೊಂದು ಮಕ್ಕಳನ್ನು ಅಪಹರಿಸಿದ್ದ. ಎಲ್ಲವೂ ಹಾಡುಹಗಲೇ, ಕ್ಯಾಮೆರಾ ಮುಂದೆ, ಆ ಮಕ್ಕಳ ಹೆತ್ತವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾಗ. ಹನ್ನೊಂದು ಸಲವೂ ಕೊನೆಗೆ ಒದೆ ತಿಂದು ನೀರಿಗೋ ಕೆಸರಿಗೋ ಗಾಜಿನ ಮೇಜಿನ ಮೇಲೋ ಬಿದ್ದಿದ್ದ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವ ಸಾಹಸದ ಚಿತ್ರ ಎಂದ ಮೇಲೆ ಖಳನ ಬಲಗೈ ಬಂಟ ಬೀಳಲೇಬೇಕು. ಬೀಳುವುದರಲ್ಲಿ ಅವನನ್ನು ಮೀರಿಸುವವರು ಇಡೀ ಸ್ಟಂಟ್ ಮಂದಿಯಲ್ಲಿ ಇರಲಿಲ್ಲ. ಆಳು ಆರಡಿ ಮೂರಂಗುಲ, ಬಾಗಿಲಿಗೆ ಅಡ್ಡ ನಿಂತರೆ ಕೋಣೆ ಕತ್ತಲಾಗುತ್ತಿತ್ತು. ಅದಕ್ಕೇ ಎಲ್ಲರೂ ಬಂಡೆ ಎಂದು ಕರೆಯುತ್ತಿದ್ದರು.

ಬಂಡೆಯ ಮುತ್ತಜ್ಜ ಹಡಗಿನಲ್ಲಿ ಮೂಟೆ ಹೊರಲು ಬಂದವನು. ಬಂದರಿನ ಹಿಂದಿನ ಓಣಿಗಳಲ್ಲಿ ಆ ಜನ ನಾಲ್ಕು ತಲೆಮಾರಿನಿಂದ ಇದ್ದಾರೆ. ಆದರೂ ಊರು ಅವರನ್ನು ಇವತ್ತಿಗೂ ‘ಆಚೆ ದಡದವರು’ ಅನ್ನುತ್ತದೆ. ಕಪ್ಪು ಮೈ, ಗುಂಗುರು ಕೂದಲು, ಅಗಲ ದವಡೆ. ಓಣಿಯಲ್ಲಿ ಮೇಷ್ಟ್ರುಗಳಿದ್ದಾರೆ, ನರ್ಸುಗಳಿದ್ದಾರೆ, ಹಲ್ಲಿನ ಡಾಕ್ಟರೂ ಒಬ್ಬರಿದ್ದಾರೆ. ಸಿನಿಮಾದಲ್ಲಿ ಮಾತ್ರ ಆ ಮುಖಕ್ಕೆ ಕಳ್ಳಸಾಗಣೆ ಬಿಟ್ಟು ಬೇರೆ ಉದ್ಯೋಗ ಸಿಕ್ಕಿದ್ದೇ ಇಲ್ಲ. ಮೊದಲ ಚಿತ್ರದಲ್ಲಿ ಬಂಡೆ ಬಾಯಿಬಿಟ್ಟು ನೆಟ್ಟಗೆ ಮಾತಾಡಿದಾಗ, ನಿಮ್ಮ ಜನ ಮಾತಾಡೋ ಥರ ಮಾತಾಡು ಎಂದು ಗದರಿದರು. ಅವನು ಮಾತಾಡಿದ್ದೇ ಅವನ ಜನ ಮಾತಾಡುವ ಥರ. ಕೊನೆಗೆ ಒಬ್ಬ ಮಾತಿನ ಮೇಷ್ಟ್ರನ್ನು ಇಟ್ಟು, ಪದ ನುಂಗುವುದು, ನಾಲಿಗೆ ಎಳೆಯುವುದು, ಇದನ್ನೆಲ್ಲ ಎರಡು ವಾರ ಕಲಿಸಿದರು. ಚಿತ್ರ ನೋಡಿದ ಅವನ ಅಜ್ಜಿ, ಪಾಪ ಇವನು ಯಾವ ದೇಶದವನೋ, ಬಾಯಿಗೆ ಏನಾದರೂ ಆಗಿದೆಯೋ ಎಂದು ಮರುಗಿದ್ದಳು. ತೆರೆಯ ಮೇಲಿದ್ದದ್ದು ತನ್ನ ಮೊಮ್ಮಗ ಎಂದು ಗುರುತು ಹತ್ತಲು ಅವಳಿಗೆ ಹೊತ್ತು ಹಿಡಿಯಿತು.

ಇಷ್ಟೆಲ್ಲದರ ನಡುವೆ ಬಂಡೆಗೆ ಹೆಮ್ಮೆಯ ವಿಷಯ ಒಂದೇ ಇತ್ತು. ಹನ್ನೊಂದು ಮಕ್ಕಳಲ್ಲಿ ಒಂದು ಮಗುವಿಗೂ ಗೀರು ಬಿದ್ದಿರಲಿಲ್ಲ. ಅದಕ್ಕೆ ಅವನದೇ ಒಂದು ಕಟ್ಟಳೆ ಇತ್ತು. ಮಗುವನ್ನು ಎತ್ತುವ ಮುಂಚೆ ಅವನು ಅದರ ಮಣಿಕಟ್ಟು ಹಿಡಿಯುತ್ತಿದ್ದ, ಮಗು ಅವನ ಮಣಿಕಟ್ಟು ಹಿಡಿಯಬೇಕು. ಅವನು ಒಂದು ಸಲ ಒತ್ತುತ್ತಿದ್ದ. ‘ಹಿಡಿತ ಹೇಗಿದೆ?’ ಎಂದು ಅದರರ್ಥ. ಮಗು ಎರಡು ಸಲ ಒತ್ತಿದರೆ ‘ಗಟ್ಟಿಯಾಗಿದೆ’ ಎಂದು. ಎರಡು ಒತ್ತು ಬರುವವರೆಗೆ ನಿರ್ದೇಶಕ ಕೂಗಲಿ, ನಿರ್ಮಾಪಕ ನೆಗೆಯಲಿ, ಮಗುವಿನ ಕಾಲು ನೆಲ ಬಿಡುತ್ತಿರಲಿಲ್ಲ. ಒಂದು ಕೈ ಹಿಡಿದದ್ದು ಅರ್ಧ ಹಿಡಿತ, ಎರಡೂ ಕೈ ಹಿಡಿದರೆ ಹಿಡಿತ ಎಂದು ಅವನು ಹೇಳುತ್ತಿದ್ದ. ಊರೆಲ್ಲ ಆ ಕೈಗೆ ಹೆದರುತ್ತಿತ್ತು. ಎತ್ತಿಸಿಕೊಂಡ ಮಕ್ಕಳು ಮಾತ್ರ ಹೆದರುತ್ತಿರಲಿಲ್ಲ. ಬಂಡೆಗೆ ಅದು ಸಣ್ಣ ವಿಷಯವಾಗಿರಲಿಲ್ಲ.

ಹನ್ನೆರಡನೆಯವಳು ಏಳು ವರ್ಷದ ಹುಡುಗಿ. ಚಿತ್ರದಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಸೇರಿ ಆಚೆ ದಡದವರ ಕಳ್ಳಸಾಗಣೆಯ ತಂಡವನ್ನು ಬಗ್ಗುಬಡಿಯುತ್ತಾರೆ. ಇವಳು ಆ ಮನೆಯ ಕಿರಿಮಗಳು. ಕೂತಲ್ಲಿ ಕೂರದೆ, ಕೇಳಿದ್ದಕ್ಕೆ ನಾಲ್ಕು ಮರುಪ್ರಶ್ನೆ ಹಾಕುತ್ತಿದ್ದಳಾದ್ದರಿಂದ ಸೆಟ್ಟಿನವರೆಲ್ಲ ಚಿನಕುರುಳಿ ಎನ್ನುತ್ತಿದ್ದರು. ಅವಳ ಜೊತೆಗೆ ಯಾವಾಗಲೂ ಅವಳ ಅಜ್ಜಿ. ಮಡಿಚುವ ಕುರ್ಚಿ, ನೀರಿನ ಬಾಟಲಿ, ಕರವಸ್ತ್ರ, ಮೊಮ್ಮಗಳ ಮೇಲೊಂದು ಕಣ್ಣು, ಬಂಡೆಯ ಮೇಲೆ ಇನ್ನೊಂದು.

ಶಾಟ್ ಇಷ್ಟೇ. ಹಳೆಯ ಕಾರ್ಖಾನೆಯ ಹಾಗೆ ಕಟ್ಟಿದ ಸೆಟ್, ಹದಿನೆಂಟು ಅಡಿ ಎತ್ತರದಲ್ಲಿ ಕಬ್ಬಿಣದ ಅಟ್ಟಣಿಗೆ. ಬಂಡೆ ಹುಡುಗಿಯನ್ನು ಒಂದೇ ಕೈಯಲ್ಲಿ ಕಂಬಿಯ ಆಚೆ ನೇತಾಡಿಸಬೇಕು. ಅಷ್ಟರಲ್ಲಿ ಅಪ್ಪನ ಪಾತ್ರದ ಹೀರೋ ಓಡಿಬಂದು ಸಲಾಕೆಯಿಂದ ಅವನ ಬೆನ್ನಿಗೆ ಬಾರಿಸಬೇಕು. ಹುಡುಗಿಯ ಫ್ರಾಕಿನೊಳಗೆ ಎರಡೂ ತೋಳು ತೂರಿಸಿ ಕಟ್ಟುವ ಬೆಲ್ಟ್, ಬೆಲ್ಟಿನ ಬೆನ್ನಿಗೆ ಕಣ್ಣಿಗೆ ಕಾಣದಂಥ ಸಣ್ಣ ತಂತಿ, ತಂತಿ ಮೇಲಿನ ರಾಟೆಗೆ. ಅವಳ ಭಾರ ತಂತಿಯ ಮೇಲೆ, ಸಮತೋಲ ಬಂಡೆಯ ಕೈಯಲ್ಲಿ. ತಂತಿ ಇದೆಯಲ್ಲ ಎಂದು ಅವಳ ಕೆಳಗೆ ಹಾಸಿದ್ದು ಒಂದು ತೆಳು ಚಾಪೆ. ರಟ್ಟಿನ ಡಬ್ಬಗಳ ದಪ್ಪ ಹಾಸಿಗೆ ಇದ್ದದ್ದು ಇನ್ನೊಂದು ಮಗ್ಗುಲಲ್ಲಿ, ಬಂಡೆ ಬೀಳುವ ಕಡೆ.

ಅಭ್ಯಾಸದ ಎರಡು ದಿನ ಎಲ್ಲ ಸರಾಗವಾಗಿತ್ತು. ಮೊದಲ ದಿನವೇ ಚಿನಕುರುಳಿ ಅವನ ಕೆನ್ನೆಯ ಗಾಯದ ಗುರುತನ್ನು ಉಗುರಿನಿಂದ ಕೆರೆದು, ಇದು ಮೇಕಪ್ಪು, ನನಗೂ ಒಂದು ಬೇಕು ಎಂದಿದ್ದಳು. ಒಂದು ಒತ್ತು, ಎರಡು ಒತ್ತು ಅವಳಿಗೆ ಆಟವಾಗಿಬಿಟ್ಟಿತು. ಊಟದ ಸಾಲಿನಲ್ಲಿ ನಿಂತಾಗಲೂ ಬಂದು ಅವನ ಮಣಿಕಟ್ಟು ಹಿಡಿದು ಎರಡು ಸಲ ಒತ್ತಿ ಓಡಿಹೋಗುತ್ತಿದ್ದಳು. ಕಂಬಿಯಾಚೆ ನೇತಾಡುವಾಗ ಕಾಲು ಬಡಿದು ನಗುತ್ತಿದ್ದಳು.

ಆ ನಗುವೇ ಎಲ್ಲವನ್ನೂ ಕೆಡಿಸಿತು. ನಿರ್ದೇಶಕ ಮಾನಿಟರಿನಲ್ಲಿ ನಾಲ್ಕು ಸಲ ನೋಡಿ ಹುಬ್ಬು ಗಂಟಿಕ್ಕಿದ. ಮಗು ಭಯಪಡುತ್ತಿಲ್ಲ. ಮಗು ಭಯಪಡದಿದ್ದರೆ ಸಿನಿಮಾ ಹಾಲ್‌ನಲ್ಲಿ ಕೂತ ತಾಯಂದಿರು ಭಯಪಡುವುದಿಲ್ಲ. ತಾಯಂದಿರು ಭಯಪಡದಿದ್ದರೆ ಹೀರೋ ಹೊಡೆದಾಗ ಚಪ್ಪಾಳೆ ಬೀಳುವುದಿಲ್ಲ. ಇದಕ್ಕೆ ಅವನು ಕಂಡುಕೊಂಡ ಮದ್ದು ಬಹಳ ಸುಲಭದ್ದು. ಶೂಟಿಂಗಿಗೆ ಇನ್ನು ಮೂರು ದಿನವಿತ್ತು. ಆ ಮೂರು ದಿನ ಹುಡುಗಿ ಮತ್ತು ಬಂಡೆ ಒಬ್ಬರ ಹತ್ತಿರ ಒಬ್ಬರು ಸುಳಿಯಬಾರದು. ಎದುರು ಸಿಕ್ಕರೂ ಬಂಡೆ ನಗಬಾರದು, ಮಾತಾಡಬಾರದು. ಸಹಾಯಕಿಯೊಬ್ಬಳು ಹುಡುಗಿಯ ಕಿವಿಯಲ್ಲಿ ಆಗಾಗ, ಅವನು ನಿಜವಾಗಿ ಒಳ್ಳೆಯವನಲ್ಲ, ಇಷ್ಟು ದಿನ ನಾಟಕ ಆಡಿದ್ದ ಎಂದು ಊದಬೇಕು. ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡುವುದು ಎಂದು ನಮ್ಮಲ್ಲಿ ಒಂದು ಮಾತಿದೆ. ಆ ನಿರ್ದೇಶಕನನ್ನು ನೋಡಿಯೇ ಯಾರೋ ಕಟ್ಟಿದ ಮಾತಿರಬೇಕು.

ಅಜ್ಜಿಗೆ ಯಾರೂ ಹೇಳಿಕೊಡಬೇಕಾಗಿ ಬರಲಿಲ್ಲ. ಆ ಜನದ ಹತ್ತಿರ ಹೋಗಬೇಡ ಎಂದು ಅವಳು ಮೊದಲ ದಿನದಿಂದಲೂ ಹೇಳುತ್ತಲೇ ಇದ್ದಳು. ಕೆಟ್ಟವಳಲ್ಲ ಅಜ್ಜಿ. ಆಚೆ ದಡದವರಲ್ಲಿ ಒಬ್ಬರ ಮನೆಗೂ ಕಾಲಿಟ್ಟವಳಲ್ಲ ಅಷ್ಟೆ. ಅವಳಿಗೆ ಅವರ ಬಗ್ಗೆ ಗೊತ್ತಿದ್ದದ್ದೆಲ್ಲ ಮೊಮ್ಮಕ್ಕಳ ಜೊತೆ ಕೂತು ನೋಡಿದ ಚಿತ್ರಗಳಿಂದ. ಅವುಗಳಲ್ಲಿ ಐದಾರರಲ್ಲಿ ಬಂಡೆಯೇ ಇದ್ದ.

ಫೈಟ್ ಮಾಸ್ಟರ್ ಈ ಏರ್ಪಾಡನ್ನು ತಡೆಯಬೇಕಿತ್ತು. ಬಂಡೆಯ ಕಟ್ಟಳೆ ಅವನಿಗೆ ಚೆನ್ನಾಗಿ ಗೊತ್ತು. ಆದರೆ ಮಾಸ್ಟರ್ ಅಡ್ಡಗೋಡೆಯ ಮೇಲೆ ದೀಪ ಇಡುವ ಮನುಷ್ಯ. ಮಗು ಸ್ವಲ್ಪ ಹೆದರಿದರೆ ಒಳ್ಳೆಯದೇ, ಜಾಸ್ತಿ ಹೆದರಿದರೆ ಕಷ್ಟವೇ, ನೋಡೋಣ ಎಂದ. ಆಮೇಲೆ ಬಂಡೆಯನ್ನು ಲೈಟುಗಳ ಹಿಂದೆ ಕರೆದುಕೊಂಡು ಹೋಗಿ ಇನ್ನೊಂದು ಮಾತು ಹೇಳಿದ. ಮುಂದಿನ ಚಿತ್ರದಿಂದ ಬಂಡೆ ಅವನ ಕೈಕೆಳಗಿನ ಮಾಸ್ಟರ್ ಆಗಬಹುದು. ಫೈಟ್ ಹೇಳಿಕೊಡುವ ಕೆಲಸ. ಮುಖ ತೋರಿಸಬೇಕಾಗಿಲ್ಲ. ನಿರ್ದೇಶಕ ಒಪ್ಪಿದರೆ, ಒಪ್ಪುತ್ತಾನೆ, ಈ ಶಾಟ್ ಒಂದು ಚೆನ್ನಾಗಿ ಆಗಲಿ.

ಮುಖ ತೋರಿಸಬೇಕಾಗಿಲ್ಲ ಎಂಬ ಮಾತು ಬಂಡೆಯ ಬಾಯಿಗೆ ಬೀಗ ಹಾಕಿತು. ಅವನು ಹೂಂ ಎಂದುಬಿಟ್ಟ. ಇದರಲ್ಲಿ ತಪ್ಪು ಅವನದೂ ಇದೆ, ಮುಚ್ಚಿಡುವುದು ಬೇಡ.

ಯಾಕೆ ಹೂಂ ಎಂದ ಎಂದರೆ, ಅವನಿಗೆ ಎಂಟು ವರ್ಷದ ಮಗಳಿದ್ದಳು. ಆರು ತಿಂಗಳ ಹಿಂದೆ ಮಗಳ ತರಗತಿಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಇಬ್ಬರೂ ಕೂತು ಚಾರ್ಟಿನ ಮೇಲೆ ಗ್ರಹಗಳನ್ನು ಅಂಟಿಸುತ್ತಿದ್ದಾಗ ಬಂಡೆ ಕೆಲಸದಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಆ ಹುಡುಗಿ ಅವನ ಮುಖ ನೋಡಿದವಳೇ ಮೇಜಿನ ಕೆಳಗೆ ನುಗ್ಗಿದಳು. ಬಂಡೆಯ ಹೆಂಡತಿ ಎಷ್ಟು ರಮಿಸಿದರೂ ಹೊರಗೆ ಬರಲಿಲ್ಲ. ಅವಳಮ್ಮ ಬಂದು, ಒಳಗೂ ಕಾಲಿಡದೆ, ಮಗುವನ್ನು ಎತ್ತಿಕೊಂಡು ಹೋದಳು. ಅವತ್ತಿನಿಂದ ಮಗಳು ಯಾರನ್ನೂ ಮನೆಗೆ ಕರೆದಿರಲಿಲ್ಲ. ಊರಿಗೆ ಹುಲಿ ಮನೆಗೆ ಇಲಿ ಎಂದು ಹೆಂಡತಿ ಅವನನ್ನು ಯಾವಾಗಲೂ ಛೇಡಿಸುತ್ತಿದ್ದಳು. ಆಮೇಲೆ ಆ ಮಾತನ್ನೂ ಆಡುವುದು ಬಿಟ್ಟಳು.

ಶೂಟಿಂಗಿನ ಹಿಂದಿನ ಸಂಜೆ ಅವನು ಮಗಳ ನೋಟ್‌ಬುಕ್ಕುಗಳಿಗೆ ರಟ್ಟು ಹಾಕುತ್ತ, ಇದೊಂದೇ ಸಲ, ಇನ್ನು ಮೇಲೆ ಅಪ್ಪ ಫೈಟ್ ಹೇಳಿಕೊಡೋ ಮೇಷ್ಟ್ರು ಎಂದು ಹೇಳಿದ. ನಾಳೆಯ ಶಾಟಿನ ವಿಷಯವನ್ನೂ, ಆ ಹುಡುಗಿಯ ಜೊತೆ ಮೂರು ದಿನದಿಂದ ಮಾತಾಡದೆ ಇರುವುದನ್ನೂ ನಗುನಗುತ್ತಲೇ ಹೇಳಿದ. ಮಗಳು ನಗಲಿಲ್ಲ. ಗೋಂದಿನ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಿದ್ದವಳು ಕೇಳಿದಳು:

“ಅವಳು ಎರಡು ಸಲ ಒತ್ತದಿದ್ರೆ?”

“ಒತ್ತುತ್ತಾಳೆ. ಅವಳಿಗೆ ಗೊತ್ತು.”

“ಒತ್ತದಿದ್ರೆ ಎತ್ತಲ್ಲ ಅಲ್ವಾ ಅಪ್ಪ?”

ಎತ್ತಲ್ಲ ಎಂದು ಅವನು ಮಾತು ಕೊಟ್ಟ.

ಮರುದಿನ ಮೇಕಪ್ಪಿನವರು ಅವನನ್ನು ಇನ್ನೂ ಎರಡು ಬಣ್ಣ ಕಪ್ಪು ಮಾಡಿದರು. ಲೈಟಿಗೆ ಬೇಕು ಎಂದರು. ಹನ್ನೊಂದು ಚಿತ್ರದಲ್ಲೂ ಹಾಗೇ ಹೇಳಿದ್ದರು. ಹೀರೋವಿನ ಮುಖ ಬಿಳುಪು ಮಾಡುವುದಕ್ಕೂ ಅವರು ಹೇಳುವುದು ಅದೇ ಲೈಟಿನ ಹೆಸರನ್ನು. ಹಲ್ಲಿನ ಮೇಲೆ ಹಳದಿ ಬಳಿದರು. ಕಣ್ಣಿನ ಕೆಳಗೆ ಕೆಂಪು ಎಳೆದರು. ಕನ್ನಡಿ ನೋಡಿಕೊಂಡಾಗ ಅವನಿಗೇ ಒಂದು ಕ್ಷಣ ಅಸಹ್ಯವಾಯಿತು.

ಅಟ್ಟಣಿಗೆಯ ಕಡೆಗೆ ಗಾಳಿಯ ಯಂತ್ರ ಹಾಕಿ ನೋಡುತ್ತಿದ್ದರು. ಕೆಳಗೆ ಆಳೆತ್ತರದ ಫ್ಯಾನು, ಅದರ ಆರ್ಭಟದಲ್ಲಿ ಪಕ್ಕದವನ ಮಾತೂ ಕೇಳುತ್ತಿರಲಿಲ್ಲ. ಸಹಾಯಕಿ ಚಿನಕುರುಳಿಯನ್ನು ಏಣಿ ಹತ್ತಿಸಿ ಕರೆತಂದಳು. ಹುಡುಗಿಯ ತುಟಿ ಬಿಳಿಚಿತ್ತು. ಮೊದಲ ದಿನ ಗಾಯದ ಗುರುತು ಕೆರೆದವಳು ಇವಳೇನಾ ಎನ್ನುವ ಹಾಗೆ ಅವನಿಂದ ಮುಖ ತಿರುಗಿಸಿ ಸಹಾಯಕಿಯ ಸೊಂಟಕ್ಕೆ ಅಂಟಿಕೊಂಡಳು. ತಂತಿ ಸಿಕ್ಕಿಸಿದರು. ಬೆಲ್ಟ್ ಎಳೆದು ನೋಡಿದರು. ಸಹಾಯಕಿ ಇಳಿದುಹೋದಳು.

ಬಂಡೆ ಅವಳ ಮಣಿಕಟ್ಟು ಹಿಡಿದ. ಅದು ತಣ್ಣಗಿತ್ತು. ಅವಳ ಬೆರಳು ಅವನ ಮಣಿಕಟ್ಟಿಗೆ ಬರಲಿಲ್ಲ, ಮುಷ್ಟಿ ಕಟ್ಟಿಕೊಂಡಿದ್ದವು. ಅವನು ಒಂದು ಸಲ ಒತ್ತಿದ.

ಏನೂ ಇಲ್ಲ.

ಇನ್ನೊಮ್ಮೆ ಒತ್ತಿದ. ಅವಳು ಕೈ ಎಳೆದುಕೊಳ್ಳಲು ನೋಡಿದಳು.

ಆಗಲ್ಲ ಎನ್ನಲು ಅವನು ತಲೆಯೆತ್ತಬೇಕು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ನಿರ್ದೇಶಕನ ದನಿ, “ಆ ಮುಖ, ಆ ಮುಖವೇ ಬೇಕು, ಮಿಸ್ ಮಾಡ್ಬೇಡಿ, ರೋಲ್.” ಬಂಡೆ ಕೆಳಗೆ ಮಾಸ್ಟರ್ ಕಡೆ ನೋಡಿದ. ಮಾಸ್ಟರ್ ಅವನನ್ನು ನೋಡಿದ, ಹುಡುಗಿಯನ್ನು ನೋಡಿದ, ಆಮೇಲೆ ತನ್ನ ಬೂಟು ನೋಡಿಕೊಂಡ. ತಂತಿ ಇದೆ ಎಂದು ಬಂಡೆ ತನಗೆ ತಾನೇ ಹೇಳಿಕೊಂಡ. ಇದೊಂದೇ ಸಲ ಎಂದೂ ಹೇಳಿಕೊಂಡ. ಹನ್ನೊಂದು ಮಕ್ಕಳವರೆಗೆ ಕಾಪಾಡಿಕೊಂಡು ಬಂದ ಕಟ್ಟಳೆಯನ್ನು ಹನ್ನೆರಡನೆಯವಳ ವಿಷಯದಲ್ಲಿ ಮುರಿದು, ಅವಳನ್ನು ಎತ್ತಿ ಕಂಬಿಯಾಚೆ ಇಳಿಬಿಟ್ಟ.

ಅವನು ಹಿಡಿದರೆ ಕಚ್ಚಿಬಿಡು ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಚಿನಕುರುಳಿ ಹೇಳಿದ್ದನ್ನು ಕೇಳುವ ಮಗುವಲ್ಲ, ಅವತ್ತು ಕೇಳಿದಳು. ಎರಡೂ ಕಾಲು ಮಡಚಿ, ಮೈ ಮೇಲಕ್ಕೆಳೆದು, ಅವನ ಹೆಬ್ಬೆರಳಿನ ಬುಡಕ್ಕೆ ಹಲ್ಲಿಟ್ಟಳು. ನೋವಿಗೆ ಅವನ ಕಣ್ಣಲ್ಲಿ ನೀರು ಬಂತು, ಕೈ ಬಿಡಲಿಲ್ಲ. ಅವಳು ಒದ್ದಳು, ಹೊರಳಿದಳು, ಮೀನಿನ ಹಾಗೆ ತಿರುಚಿಕೊಂಡಳು. ಆ ಹೊರಳಾಟದಲ್ಲಿ ಫ್ರಾಕಿನ ಹೆಗಲ ಮೇಲೆ ಉಬ್ಬಿದ್ದ ಬೆಲ್ಟಿನ ಗೆರೆ ತೋಳಿನ ಕಡೆ ಜಾರಿ, ಜಾರಿ, ಮಾಯವಾಯಿತು. ಒಂದು ತೋಳು ಬೆಲ್ಟಿನಿಂದ ಹೊರಗೆ ಬಂದಿತ್ತು.

ಈಗ ತಂತಿ ಹಿಡಿದಿದ್ದದ್ದು ಬೆಲ್ಟನ್ನು, ಹುಡುಗಿಯನ್ನಲ್ಲ. ಅವಳು ಇನ್ನೊಂದು ಸಲ ಹೊರಳಿದರೆ ಬೆಲ್ಟು ಮೇಲುಳಿಯುತ್ತದೆ, ಅವಳು ಕೆಳಗೆ. ಕೆಳಗಿದ್ದದ್ದು ತೆಳು ಚಾಪೆ. ಅವನ ಕೈಯಲ್ಲಿ ಇದ್ದದ್ದು ರಕ್ತಕ್ಕೆ ಜಾರುತ್ತಿದ್ದ ಒಂದು ಪುಟ್ಟ ಮಣಿಕಟ್ಟು.

ಅವನು ಕಿರುಚಿದ. “ನಿಲ್ಸಿ! ಬೆಲ್ಟ್ ಬಿಟ್ಟಿದೆ! ಮಗು ಬೀಳುತ್ತೆ, ಕೆಳಗೆ ಬನ್ನಿ!”

ಫ್ಯಾನಿನ ಆರ್ಭಟದಲ್ಲಿ ಅರ್ಧ ಹಾರಿಹೋಯಿತು. ಉಳಿದರ್ಧ, ಮಗು ಬೀಳುತ್ತೆ ಎಂಬುದು, ಅವನ ಅಂಗಿಯೊಳಗಿದ್ದ ಮೈಕಿನಿಂದ ನಿರ್ದೇಶಕನ ಕಿವಿಗೆ ಹೋಯಿತು. ಖಳ ಕಿರುಚಬೇಕಾದ ಜಾಗದಲ್ಲೇ ಖಳ ಕಿರುಚಿದ್ದಾನೆ. ಧ್ವನಿವರ್ಧಕ ಹೇಳಿತು, “ಬಂಡೆ, ಮುಖ ಸೂಪರ್. ಮಾತು ಮಾತ್ರ ನಮ್ಮೋರ ಥರ ಬರ್ತಿದೆ, ನಿಮ್ಮೋರ ಥರ ಹೇಳು. ಪರವಾಗಿಲ್ಲ, ಡಬ್ಬಿಂಗಲ್ಲಿ ನೋಡ್ಕೊಳ್ಳೋಣ. ಮುಂದುವರ್ಸು.”

ಕೆಳಗೆ ಅರವತ್ತು ಜನ ತಲೆಯೆತ್ತಿ ನೋಡುತ್ತಿದ್ದರು. ಒಬ್ಬರಿಗೂ ಏನೂ ಕಾಣಲಿಲ್ಲ. ಆ ಮುಖ, ಆ ಕಪ್ಪು, ಆ ಹಳದಿ ಹಲ್ಲು ಮಗುವಿಗಾಗಿ ಹೆದರುತ್ತಿರಬಹುದು ಎಂದು ಯಾರ ತಲೆಗೂ ಹೊಳೆಯಲಿಲ್ಲ. ಆಚೆ ದಡದವನು ಮಗುವನ್ನು ನೇತುಹಾಕಿ ಕಿರುಚುತ್ತಿದ್ದಾನೆ, ಅದರಲ್ಲಿ ಹೊಸದೇನಿದೆ. ಬಂಡೆಗೆ ಆ ಗಳಿಗೆಯಲ್ಲಿ ಹುಟ್ಟಿದ ಸಿಟ್ಟು ಅವನ ಜೀವಮಾನದಲ್ಲೇ ಹುಟ್ಟಿರಲಿಲ್ಲ. ಆದರೆ ಸಿಟ್ಟಿಗೆ ಕೈ ಬಿಗಿಯುತ್ತದೆ, ಬಿಗಿದರೆ ಮಗು ಇನ್ನಷ್ಟು ಹೊರಳುತ್ತಾಳೆ. ಅವನು ಸಿಟ್ಟನ್ನು ನುಂಗಿದ. ಎಡಗಾಲನ್ನು ಕಂಬಿಗಳ ನಡುವೆ ತೂರಿಸಿ, ಎದೆಯನ್ನು ಕಂಬಿಯ ಮೇಲೆ ಹಾಕಿ, ಅವಳ ಮುಖಕ್ಕೆ ಎಷ್ಟು ಹತ್ತಿರ ಬಗ್ಗಬಹುದೋ ಅಷ್ಟು ಬಗ್ಗಿದ. ಮನೆಯಲ್ಲಿ ನೋಟ್‌ಬುಕ್ಕಿಗೆ ರಟ್ಟು ಹಾಕುವಾಗ ಮಾತಾಡುವ ದನಿಯಲ್ಲಿ ಮಾತಾಡಿದ.

“ಚಿನಕುರುಳಿ, ಇಲ್ನೋಡು ಮರಿ. ಕಚ್ಚಬೇಕಾದ್ರೆ ಕಚ್ಚು, ಪರವಾಗಿಲ್ಲ. ಒದೀಬೇಡ ಅಷ್ಟೆ. ಅವ್ರು ಹೇಳಿದ್ದೆಲ್ಲ ಸುಳ್ಳು. ಮೂರು ದಿನ ಮಾತಾಡದೆ ಇದ್ದಿದ್ದು ನನ್ನ ತಪ್ಪು. ಹಿಡಿತ ಹೇಗಿದೆ ಹೇಳು.”

ಒಂದು ಸಲ ಒತ್ತಿದ.

ಅವಳು ಕೆಳಗೆ ನೋಡಿದಳು. ಅಷ್ಟು ದೂರದಲ್ಲಿ ನೆಲ. ಮೇಲೆ ನೋಡಿದಳು. ಸುತ್ತಮುತ್ತ ಅವಳಿಗೆ ಇದ್ದದ್ದು ಆ ಒಂದೇ ಮುಖ, ಅದರ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಬಂಡೆ ಕಾದ. ಎಷ್ಟು ಹೊತ್ತು ಕಾದ ಎಂದು ಕೇಳಿದರೆ ಮಾನಿಟರಿನ ಲೆಕ್ಕದಲ್ಲಿ ಆರು ಸೆಕೆಂಡು. ಅವನ ಲೆಕ್ಕ ಬೇರೆ.

ಕಟ್ಟಿದ್ದ ಮುಷ್ಟಿ ಬಿಚ್ಚಿತು. ಐದು ಬೆರಳು ಅವನ ಮಣಿಕಟ್ಟನ್ನು ಹುಡುಕಿ ಹಿಡಿದವು. ಒಂದು ಒತ್ತು. ಇನ್ನೊಂದು ಒತ್ತು.

ಅವನು ಎಳೆದ. ಇನ್ನೊಂದು ಕೈಯನ್ನು ಅವಳ ಕಂಕುಳಿಗೆ ಹಾಕಿ, ಕಂಬಿಯ ಮೇಲಿಂದ ಎತ್ತಿ, ಎದೆಗೆ ಅವಚಿಕೊಂಡು ಅಟ್ಟಣಿಗೆಯ ತಗಡಿನ ಮೇಲೆ ಮಂಡಿಯೂರಿದ. ಎಳೆತಕ್ಕೆ ಪೂರ್ತಿ ಕಳಚಿ ಫ್ರಾಕಿನ ಕತ್ತಿನಿಂದ ಹೊರಬಂದ ಖಾಲಿ ಬೆಲ್ಟು ತಂತಿಯ ತುದಿಯಲ್ಲಿ ಗಾಳಿಗೆ ತೂಗಾಡುತ್ತಿತ್ತು. ಅಷ್ಟರಲ್ಲಿ ಹೀರೋ ಬಂದ. ಅವನಿಗೆ ಹೇಳಿದ್ದ ಹೊತ್ತು ಅದೇ, ಅವನು ಹೇಳಿದ ಹೊತ್ತಿಗೆ ಬಂದ. ಬಂದವನು ಹೇಳಿದ ಹಾಗೆ ಸಲಾಕೆಯನ್ನು ಬೀಸಿದ. ರಬ್ಬರಿನದೇ ನಿಜ, ಒಳಗೆ ಕೋಲಿತ್ತು. ಬಂಡೆ ಮಗುವನ್ನು ಮೈಯ ಕೆಳಗೆ ಮುಚ್ಚಿಕೊಂಡು ಎರಡು ಪೆಟ್ಟು ತಿಂದ. ಮೂರನೆಯದಕ್ಕೆ ಕೈಯೆತ್ತಿದಾಗ ಹೀರೋಗೆ ತೂಗಾಡುತ್ತಿದ್ದ ಬೆಲ್ಟು ಕಂಡಿತು, ಸಲಾಕೆ ಕೈಯಿಂದ ಜಾರಿತು.

ಆಮೇಲೆ ಎಲ್ಲರೂ ಏಣಿ ಹತ್ತಿ ಓಡಿಬಂದರು. ಎಲ್ಲರಿಗಿಂತ ಮುಂದೆ ಅಜ್ಜಿ, ಆ ವಯಸ್ಸಿನಲ್ಲಿ ಹೇಗೆ ಹತ್ತಿದಳೋ. ಮೊಮ್ಮಗಳನ್ನು ಕಿತ್ತುಕೊಂಡು, ಅವಳ ಬಾಯಿಯ ಸುತ್ತ ಅಂಟಿದ್ದ ರಕ್ತ ನೋಡಿ ಬಂಡೆಯ ಕಡೆ ತಿರುಗಿದಳು.

“ಏನ್ ಮಾಡ್ದೆ ನನ್ನ ಮಗೂಗೆ?”

ಅದು ತನ್ನ ರಕ್ತ ಎಂದು ಹೇಳಲು ಬಂಡೆಗೆ ಉಸಿರಿರಲಿಲ್ಲ. ಕೈ ಮುಂದೆ ಚಾಚಿದ. ಹೊಡೆಯುತ್ತಾನೆ ಎಂದುಕೊಂಡು ಅಜ್ಜಿ ಹಿಂದೆ ಸರಿದಳು. ಚಿನಕುರುಳಿ ಏನೋ ಹೇಳಲು ನೋಡಿದಳು, ಬಿಕ್ಕಳಿಕೆಯಲ್ಲಿ ಮಾತು ಕಟ್ಟಿತು. ಅವಳನ್ನು ಎತ್ತಿಕೊಂಡು ಹೋದರು. ಅವಳ ಉಳಿದ ಶಾಟುಗಳಿಗೆ ಬೊಂಬೆ ಸಾಕು ಎಂದಾಯಿತು. ಬಂಡೆ ಅವಳನ್ನು ಮತ್ತೆ ನೋಡಲಿಲ್ಲ.

ಮಾಸ್ಟರ್ ಬೆಲ್ಟನ್ನು ಬಿಚ್ಚಿ ಚೀಲಕ್ಕೆ ಹಾಕಿದ. ನಿರ್ದೇಶಕ ಮಾನಿಟರಿನ ಮುಂದೆ ಕೂತು ಆ ಶಾಟನ್ನು ಮೊದಲಿಂದ ಕೊನೆಯವರೆಗೆ ನೋಡಿದ. ನೋಡುತ್ತಾ ಅವನ ಮುಖವೂ ಬಿಳಿಚಿತು, ಅವನೂ ಎರಡು ಮಕ್ಕಳ ತಂದೆ. ಬಂಡೆಯ ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟು, ದೊಡ್ಡ ಕೆಲಸ ಮಾಡಿದೆ ಎಂದ. ಆಮೇಲೆ, ಆ ನಿನ್ನ ಮುಖ ಇದೆಯಲ್ಲ, ಅಂಥದ್ದು ಮತ್ತೆ ಸಿಗಲ್ಲ ಎಂದ.

ಮಾಸ್ಟರ್ ಕೈಕೆಳಗಿನ ಕೆಲಸ ಸಿಕ್ಕಿತೇ ಎಂದರೆ, ಸಿಕ್ಕಿತು. ಅದನ್ನು ಒಪ್ಪಿಕೊಳ್ಳುವ ಮುಂಚೆ ಬಂಡೆ ಒಂದೇ ಮಾತು ಕೇಳಿದ. ಮಕ್ಕಳಿರುವ ಶಾಟಿನಲ್ಲಿ ಇಲ್ಲ ಎನ್ನುವ ಹಕ್ಕು ತನ್ನದಾಗಿರಬೇಕು. ಮಾಸ್ಟರ್ ಬೂಟು ನೋಡಿಕೊಂಡೇ ಹೂಂ ಎಂದ.

ಚಿತ್ರ ಬಿಡುಗಡೆಯಾದದ್ದು ಐದು ತಿಂಗಳ ಮೇಲೆ, ಶಾಲೆಗೆ ರಜೆ ಇದ್ದಾಗ. ಮಗಳೇ ಹಟ ಹಿಡಿದಳು. ಅವಳಿಗೆ ಎಲ್ಲ ಗೊತ್ತಿತ್ತು. ಅವತ್ತು ಬ್ಯಾಂಡೇಜು ಬಿಚ್ಚಿಸಿ ಹಲ್ಲಿನ ಗುರುತನ್ನು ಎಣಿಸಿ, ಮೇಲೆ ನಾಲ್ಕು ಕೆಳಗೆ ಮೂರು ಎಂದಿದ್ದಳು. ಮಾತು ತಪ್ಪಿ ಎತ್ತಿದ್ದನ್ನು ಅವನು ಅವಳ ಮುಂದೆ ಒಪ್ಪಿಕೊಂಡಿದ್ದ. ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದಳು. ಈಗ, ನೀನು ಅವಳನ್ನ ಕಾಪಾಡಿದ್ದು ಸಿನಿಮಾದಲ್ಲಿ ಇರುತ್ತಾ ಎಂದು ದಾರಿಯುದ್ದಕ್ಕೂ ಕೇಳಿದಳು. ನೋಡೋಣ ಎಂದು ಅವನೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ಹಾಲ್ ತುಂಬ ಮಕ್ಕಳು. ಬಂಡೆ ಟೋಪಿ ಹಣೆಯವರೆಗೆ ಎಳೆದುಕೊಂಡು ಮೂಲೆಯ ಸೀಟಿನಲ್ಲಿ ಕೂತ, ನಡುವೆ ಮಗಳು, ಆಚೆ ಹೆಂಡತಿ. ಚಿತ್ರ ಚೆನ್ನಾಗೇ ಇತ್ತು, ಅದೇ ಕಷ್ಟ. ಹೀರೋ ಹಾರಿದ, ಮಕ್ಕಳು ಜಾಣತನ ತೋರಿದರು, ಹಾಲ್ ನಕ್ಕಿತು. ಮಗಳೂ ಸೀಟಿನ ತುದಿಗೆ ಬಂದು ಕೂತಿದ್ದಳು. ಕೊನೆಗೆ ಅಟ್ಟಣಿಗೆ ಬಂತು.

ತೆರೆ ತುಂಬ ಬಂಡೆಯ ಮುಖ. ಕಣ್ಣು ಹೊರಗೆ ಬರುವಷ್ಟು ಅರಳಿತ್ತು, ಬಾಯಿ ಕಿತ್ತುಹೋಗುವಷ್ಟು ತೆರೆದಿತ್ತು. ಅವನು ಬೆಲ್ಟ್ ಬಿಟ್ಟಿದೆ ಎಂದು ಕಿರುಚಿದ ಕ್ಷಣವೇ ಅದು. ಆ ಬಾಯಿಗೆ ಈಗ ಬೇರೆ ಯಾರದೋ ದನಿ ಹಾಕಿದ್ದರು. ಪದ ನುಂಗಿ, ನಾಲಿಗೆ ಎಳೆದು, ಸಮುದ್ರದ ಮೀನುಗಳಿಗೆ ಹಸಿವಾಗಿದೆ ಎಂದು ಆ ದನಿ ನಕ್ಕಿತು. ಮಗುವಿನ ನಿಜವಾದ ಭಯ, ಅವನ ನಿಜವಾದ ಭಯ, ಎರಡನ್ನೂ ಎದುರುಬದುರು ಇಟ್ಟು ತಮಟೆಯಂಥ ಸಂಗೀತ ಬಾರಿಸಿದ್ದರು. ಮುಷ್ಟಿ ಬಿಚ್ಚಿದ್ದೂ ಇಲ್ಲ, ಎರಡು ಒತ್ತೂ ಇಲ್ಲ, ಎಳೆದು ಎದೆಗೆ ಅವಚಿದ್ದೂ ಇಲ್ಲ. ಹಿಂದಿನ ಸಾಲಿನಲ್ಲಿ ಯಾರದೋ ಅಮ್ಮ ಥೂ ಎಂದಳು. ಒಂದು ಮಗು ಅತ್ತಿತು. ಹೀರೋ ಬಂದ, ಸಲಾಕೆ ಬೀಸಿದ. ಬಂಡೆ ಕಂಬಿಯ ಮೇಲಿಂದ ಉರುಳಿ ಹದಿನೆಂಟು ಅಡಿ ಕೆಳಗೆ ಬಿದ್ದ. ಮರುದಿನ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಬಿದ್ದ ಬೀಳು ಅದು, ಒಳ್ಳೆಯ ಬೀಳು.

ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮಗಳೂ ಎದ್ದು ನಿಂತು, ಎರಡೂ ಕೈ ತಲೆಯ ಮೇಲೆತ್ತಿ ತಟ್ಟಿದಳು.

ಬಂಡೆ ಬಿದ್ದ ಬೀಳುಗಳಲ್ಲಿ ಇಷ್ಟು ಜೋರಾದದ್ದು ಯಾವುದೂ ಇರಲಿಲ್ಲ. ಅವನು ತೆರೆಯನ್ನೇ ನೋಡುತ್ತ ಕೂತ. ಹೆಂಡತಿ ಮಗಳ ಫ್ರಾಕು ಹಿಡಿದು ಮೆಲ್ಲಗೆ ಜಗ್ಗಿದಳು. ಮಗಳ ಕೈ ಮೇಲೆಯೇ ನಿಂತಿತು. ಅವಳು ಕೂತಳು, ಕೈಯೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡಳು. ಚಿತ್ರ ಮುಗಿಯುವವರೆಗೂ ಹಾಗೇ ಇದ್ದಳು.

ಹೊರಗೆ ಮೆಟ್ಟಿಲ ಮೇಲೆ ಬಿಸಿಲಿತ್ತು. ಗುಂಪಿನಲ್ಲಿ ಯಾರದೋ ಕೈ ತಗುಲಿ ಬಂಡೆಯ ಟೋಪಿ ಬಿತ್ತು. ಎದುರಿಗಿದ್ದ ಪುಟ್ಟ ಮಗುವೊಂದು ಅವನನ್ನು ನೋಡಿ ಅಮ್ಮನ ಹಿಂದೆ ಅವಿತಿತು. ಆ ಅಮ್ಮನೂ ತಲೆಯೆತ್ತಿ ನೋಡಿ, ಮಗುವನ್ನು ಇನ್ನಷ್ಟು ಹಿಂದೆ ಸರಿಸಿದಳು. ಸುತ್ತ ಒಂದಿಷ್ಟು ಜಾಗ ಖಾಲಿಯಾಯಿತು. ಬಂಡೆ ಟೋಪಿ ಹೆಕ್ಕಿಕೊಳ್ಳಲು ಬಗ್ಗಿದ.

ಬಗ್ಗಿದವನ ಕೈಗೆ ಒಂದು ಕೈ ಬಂತು. ಮಗಳು ಆ ಖಾಲಿ ಜಾಗದ ನಡುವೆ ನಿಂತು, ಹಲ್ಲಿನ ಗುರುತಿದ್ದ ಕೈಯ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ಅವನು ಒತ್ತಿರಲಿಲ್ಲ, ಏನೂ ಕೇಳಿರಲಿಲ್ಲ. ಅವಳು ಎರಡು ಸಲ ಒತ್ತಿದಳು. ಅವಳ ಕೆನ್ನೆ ಒದ್ದೆಯಾಗಿತ್ತು.

“ನಾನೂ ತಟ್ಟಿಬಿಟ್ಟೆ ಅಪ್ಪ.”

“ನೋಡ್ದೆ.”

“ಅದು ನೀನು ಅಂತ ಮರ್ತೇಹೋಯ್ತು.”